ಎಡಗೈ ಇಟ್ಟ ಜಾಗ

ಈ ಸಂಜೆಗೆ ನನಗೆ ಕೊಟ್ಟ ವಿಷಯ ‘ಸ್ವಂತ ಶೈಲಿಯ ಹುಡುಕಾಟ’. ಒಪ್ಪಿಕೊಂಡು ಮನೆಗೆ ಹೋದಮೇಲೆ ಆ ‘ಹುಡುಕಾಟ’ ಅನ್ನುವ ಪದ ಕಾಡತೊಡಗಿತು. ಕಳೆದುಹೋದದ್ದನ್ನು ಹುಡುಕಬಹುದು. ಚಾಳೀಸು ಹುಡುಕುತ್ತೇವೆ, ಬೀಗದ ಕೈ ಹುಡುಕುತ್ತೇವೆ. ಅದು ಹೇಗಿದೆ ಅಂತ ಗೊತ್ತಿರುತ್ತದೆ, ಎಲ್ಲಿದೆ ಅಂತ ಗೊತ್ತಿರುವುದಿಲ್ಲ, ಅಷ್ಟೇ. ಹೇಗಿದೆ ಅಂತಲೂ ಗೊತ್ತಿಲ್ಲದ ವಸ್ತುವನ್ನು ಹುಡುಕುವುದು ಹೇಗೆ? ಸಿಕ್ಕಿದಾಗ ‘ಇದೇ ಅದು’ ಅಂತ ಗುರುತಿಸುವವರು ಯಾರು? ನನ್ನ ವಿಷಯದಲ್ಲಂತೂ ಗುರುತಿಸಿದ್ದು ನಾನಲ್ಲ, ವಿಮರ್ಶಕರೂ ಅಲ್ಲ. ನನ್ನ ಚಿತ್ರಗಳಿಗೆ ಕಟ್ಟು ಹಾಕುತ್ತಿದ್ದವರು. ಅಲ್ಲಿಂದಲೇ ಶುರು ಮಾಡುತ್ತೇನೆ.

ಕಟ್ಟು ಹಾಕುವವರು ಚಿತ್ರವನ್ನು ನಾವು ನೋಡುವ ಹಾಗೆ ನೋಡುವುದಿಲ್ಲ. ಅಡ್ಡ ಮಲಗಿಸಿ ನೋಡುತ್ತಾರೆ, ತಲೆಕೆಳಗು ಮಾಡಿ ನೋಡುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಅಂಚುಗಳನ್ನು ನೋಡುತ್ತಾರೆ. ಒಂದು ಸಾಮೂಹಿಕ ಪ್ರದರ್ಶನಕ್ಕೆ ನಾವು ನಾಲ್ಕು ಜನ ಅವರಲ್ಲಿಗೆ ಸಣ್ಣ ಸಣ್ಣ ಕೆಲಸಗಳನ್ನು ಕಳಿಸಿದ್ದೆವು. ಹೆಚ್ಚಿನವಕ್ಕೆ ಸಹಿ ಇರಲಿಲ್ಲ. ಹಿಂದೆ ಅಂಟಿಸಿದ್ದ ಚೀಟಿಗಳು ಉದುರಿಹೋಗಿ ಎಲ್ಲ ಒಂದಕ್ಕೊಂದು ಬೆರೆತುಹೋಯಿತು ಅಂತ ಫೋನ್ ಬಂತು. ನಾನು ಗಾಬರಿಯಲ್ಲಿ ಓಡಿದೆ. ಹೋಗಿ ನೋಡಿದರೆ ನಾಲ್ಕು ಕಂತೆ ಮಾಡಿ ಇಟ್ಟಿದ್ದಾರೆ. ಒಂದೂ ತಪ್ಪಿಲ್ಲ! ನನ್ನ ಕಂತೆಯಲ್ಲಿ ಇಪ್ಪತ್ತು ವರ್ಷ ಹಿಂದಿನ ಒಂದು ಭಾವಚಿತ್ರ ಇತ್ತು, ಒಂದು ಪೂರ್ತಿ ಅಮೂರ್ತ ಚಿತ್ರ ಇತ್ತು. ಎರಡಕ್ಕೂ ಅಕ್ಕತಂಗಿಯರ ಹೋಲಿಕೆ ಕೂಡ ಇಲ್ಲ ಅಂತ ನಾನು ಅಂದುಕೊಂಡಿದ್ದೆ.

“ಹೇಗೆ ಗೊತ್ತಾಯಿತು?” ಅಂದೆ.

“ನಿಮ್ಮ ಚಿತ್ರದಲ್ಲಿ ಎಡಗಡೆ ಕೆಳಗೆ ಏನೂ ಇರೋದಿಲ್ಲ ಸಾರ್. ಏನಾದರೂ ಇದ್ದರೂ ಸುಮ್ಮನೆ ಇರುತ್ತೆ. ನೀವು ಸಹಿ ಹಾಕೋದು ಬಲಗಡೆ. ನಾನು ನೋಡೋದು ಎಡಗಡೆ.”

ಮನೆಗೆ ಬಂದು ಅಟ್ಟದಿಂದ ಎಲ್ಲವನ್ನೂ ಇಳಿಸಿದೆ. ಕಲಾಶಾಲೆಯ ದಿನಗಳ ಅಭ್ಯಾಸಗಳು, ನಿಸರ್ಗಚಿತ್ರಗಳು, ಮುಖಗಳು, ಆಮೇಲೆ ಬಂದ ಬರೀ ಬಣ್ಣದ ಹರಹುಗಳು. ನೆಲದ ತುಂಬ ಹರಡಿ ನೋಡಿದೆ. ಅವರು ಹೇಳಿದ್ದು ನಿಜ. ಎಡಗಡೆ ಕೆಳಮೂಲೆ ಎಲ್ಲದರಲ್ಲೂ ಖಾಲಿ, ಅಥವಾ ತೆಳು, ಅಥವಾ ಮಂಕು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನನಗೆ ಬೇಕಾಗಿತ್ತು.

ಯಾಕೆ ಹೀಗೆ ಅನ್ನುವುದು ತಿಳಿದದ್ದು ಕೆಲವು ದಿನ ಕಳೆದಮೇಲೆ. ಮೊಮ್ಮಗಳು ನೆಲದ ಮೇಲೆ ಬೋರಲು ಮಲಗಿ ಚಿತ್ರ ಬರೆಯುತ್ತಿದ್ದಳು. ಕಾಗದ ಜಾರುತ್ತಿತ್ತು. ಅದು ಜಾರದ ಹಾಗೆ ಎಡ ಅಂಗೈಯನ್ನು ಕೆಳಮೂಲೆಯ ಮೇಲೆ ಊರಿ ಹಿಡಿದಿದ್ದಳು. ನಾನೂ ಹಾಗೇ ಕಲಿತವನು. ಹಲಗೆ ಇರಲಿಲ್ಲ, ಕ್ಲಿಪ್ ಇರಲಿಲ್ಲ. ನೆಲ, ಕಾಗದ, ಕಾಗದದ ಮೇಲೆ ಎಡಗೈ. ಕೈ ಇರುವ ಜಾಗದಲ್ಲಿ ಚಿತ್ರ ಬರೆಯಲು ಆಗುವುದಿಲ್ಲವಲ್ಲ? ಆಮೇಲೆ ಈಸೆಲ್ ಬಂತು, ಕ್ಯಾನ್‌ವಾಸ್ ಬಂತು, ಎಡಗೈಗೆ ಪ್ಯಾಲೆಟ್ ಹಿಡಿಯುವ ಕೆಲಸ ಸಿಕ್ಕಿತು. ಕೈ ಎದ್ದು ಹೋಯಿತು. ಅದು ಕೂತಿದ್ದ ಜಾಗ ಮಾತ್ರ ಐವತ್ತು ವರ್ಷ ಹಾಗೇ ಉಳಿದುಕೊಂಡಿತು.

ನನ್ನ ಕಟ್ಟಿನವರು ಮಾಡಿದ ಕೆಲಸವನ್ನು ಹತ್ತೊಂಬತ್ತನೇ ಶತಮಾನದ ಇಟಲಿಯಲ್ಲಿ ಒಬ್ಬರು ಶಾಸ್ತ್ರವನ್ನೇ ಮಾಡಿದ್ದರು. ಜೊವಾನ್ನಿ ಮೊರೆಲ್ಲಿ ಅಂತ. ಓದಿದ್ದು ವೈದ್ಯಶಾಸ್ತ್ರ, ಹುಚ್ಚು ಚಿತ್ರಗಳದ್ದು. ಸಹಿ ಇಲ್ಲದ ಹಳೆಯ ಚಿತ್ರ ಯಾರದ್ದು ಅಂತ ಪತ್ತೆ ಮಾಡುವಾಗ ಎಲ್ಲರೂ ಮುಖ ನೋಡುತ್ತಾರೆ, ಭಾವ ನೋಡುತ್ತಾರೆ, ಸಂಯೋಜನೆ ನೋಡುತ್ತಾರೆ. ಮೊರೆಲ್ಲಿ ಹೇಳಿದ್ದು: ಅವೆಲ್ಲ ನೋಡಬೇಡಿ, ಅನುಕರಿಸುವವನು ಅದನ್ನೇ ಚೆನ್ನಾಗಿ ಅನುಕರಿಸಿರುತ್ತಾನೆ. ಕಿವಿ ನೋಡಿ, ಉಗುರು ನೋಡಿ, ಬೆರಳಿನ ಗೆಣ್ಣು ನೋಡಿ. ಕಿವಿಯ ಹಾಲೆ ಬರೆಯುವಾಗ ಯಾರೂ ಮೈಯೆಲ್ಲ ಎಚ್ಚರವಾಗಿ ಬರೆಯುವುದಿಲ್ಲ. ಕೈ ತನಗೆ ಬಂದ ಹಾಗೆ ಬರೆದುಬಿಡುತ್ತದೆ. ಅಲ್ಲಿ ಆಸಾಮಿ ಸಿಕ್ಕಿಬೀಳುತ್ತಾನೆ. 1870ರ ದಶಕದಲ್ಲಿ ಇದನ್ನೆಲ್ಲ ರಷ್ಯನ್ ಥರದ ಒಂದು ಸುಳ್ಳು ಹೆಸರಿನಲ್ಲಿ ಬರೆದು ಪ್ರಕಟಿಸಿದರು. ಜರ್ಮನಿಯ ಡ್ರೆಸ್ಡೆನ್ನಿನ ಗ್ಯಾಲರಿಯಲ್ಲಿ ಇಟಲಿಯ ಹಳೆಯ ಚಿತ್ರಕಾರ ಟಿಶಿಯನ್‌ನ ಚಿತ್ರದ ನಕಲು ಅಂತ ಬದಿಗಿಟ್ಟಿದ್ದ ಮಲಗಿದ ವೀನಸ್ಸಿನ ಚಿತ್ರವನ್ನು ನೋಡಿ, ಇದು ನಕಲಲ್ಲ, ಅವನದೇ ಕಾಲದ ಜೊರ್ಜೋನೆಯ ಮೂಲಚಿತ್ರ ಅಂತ ಹೇಳಿದ್ದು ಇವರೇ. ಮುಂದೆ ಮನೋವಿಶ್ಲೇಷಣೆಯ ಫ್ರಾಯ್ಡ್ ಕೂಡ ಈ ಮನುಷ್ಯನ ಬಗ್ಗೆ ಮೆಚ್ಚಿ ಬರೆದ. ಆಶ್ಚರ್ಯವೇನಿಲ್ಲ, ಇಬ್ಬರೂ ನಂಬಿದ್ದು ಬಾಯಿತಪ್ಪಿ ಬಂದದ್ದನ್ನೇ.

ಹಾಗಾದರೆ ಶೈಲಿ ಅಂದರೆ ಕಿವಿಯ ಹಾಲೆಯೇ? ನನ್ನ ಖಾಲಿ ಮೂಲೆಯೇ? ಇಲ್ಲಿ ನಾನು ಮೊರೆಲ್ಲಿಯ ಜೊತೆ ಅರ್ಧ ದಾರಿ ಮಾತ್ರ ಹೋಗುತ್ತೇನೆ. ಕಿವಿಯ ಹಾಲೆ ಈ ಚಿತ್ರ ಯಾರದ್ದು ಅಂತ ಹೇಳುತ್ತದೆ. ಇದನ್ನು ಯಾಕೆ ನೋಡಬೇಕು ಅಂತ ಹೇಳುವುದಿಲ್ಲ. ನಮ್ಮೆಲ್ಲರ ಅಕ್ಷರವೂ ಬೇರೆ ಬೇರೆಯೇ. ಒಂದೇ ಕಾಪಿ ಪುಸ್ತಕ ತಿದ್ದಿ ಕಲಿತರೂ ಹತ್ತು ಮಕ್ಕಳದ್ದು ಹತ್ತು ಥರದ ಅಕ್ಷರ ಆಗುತ್ತದೆ. ಅದಕ್ಕಾಗಿ ಯಾರೂ ಜೀವಮಾನ ಸವೆಸಿಲ್ಲ. ಅಕ್ಷರ ಬೇರೆಯಾದ ಮಾತ್ರಕ್ಕೆ ಬರೆದ ಪತ್ರ ಓದುವ ಹಾಗಿರಬೇಕು ಅಂತೇನೂ ಇಲ್ಲ.

ಆದರೂ ಆ ಅರ್ಧ ದಾರಿಯನ್ನು ಹಗುರವಾಗಿ ನೋಡಬೇಡಿ. ಮೈಗೆ ಅಂಟಿದ್ದನ್ನು ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಅನ್ನುವುದಕ್ಕೆ ಒಬ್ಬ ಕಳ್ಳನ ಕಥೆ ಹೇಳಬೇಕು. ಹಾನ್ ವಾನ್ ಮೇಹರೆನ್, ನೆದರ್ಲೆಂಡ್ಸಿನವನು. ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ ಹೆಸರಿನಲ್ಲಿ ಖೋಟಾ ಚಿತ್ರಗಳನ್ನು ಮಾಡಿದವನು. ನಾವೆಲ್ಲ ಸ್ವಂತ ಶೈಲಿ ಬೇಕು ಅಂತ ಒದ್ದಾಡಿದರೆ, ಈ ಮಹಾನುಭಾವ ತನ್ನ ಶೈಲಿಯ ಸುಳಿವು ಎಲ್ಲೂ ಸಿಗಬಾರದು ಅಂತ ವರ್ಷಗಟ್ಟಲೆ ಒದ್ದಾಡಿದ. ಹಳೆಯ ಕ್ಯಾನ್‌ವಾಸ್, ಹಳೆಯ ಕಾಲದ ಬಣ್ಣಗಳು, ಬಣ್ಣ ಗಟ್ಟಿಯಾಗಿ ಬಿರುಕು ಬಿಡಲು ಒಲೆಯಲ್ಲಿ ಬೇಯಿಸುವುದು, ಎಲ್ಲವನ್ನೂ ಪಳಗಿಸಿಕೊಂಡ. 1937ರಲ್ಲಿ ಆ ಕಾಲದ ದೊಡ್ಡ ಪಂಡಿತ ಅಬ್ರಹಾಂ ಬ್ರೇಡಿಯಸ್ ಇವನ ಚಿತ್ರವನ್ನು ನೋಡಿ ಇದು ವರ್ಮೀರ್‌ನ ಅತ್ಯುತ್ತಮ ಕೃತಿ ಅಂತ ಕೊಂಡಾಡಿದರು, ರೋಟರ್‌ಡಾಮಿನ ಮ್ಯೂಸಿಯಂ ಅದನ್ನು ಕೊಂಡಿತು. ಯುದ್ಧ ಮುಗಿದಮೇಲೆ, 1945ರಲ್ಲಿ, ದೇಶದ ಆಸ್ತಿಯಾದ ವರ್ಮೀರನ್ನು ನಾಜಿ ನಾಯಕ ಗೋರಿಂಗ್‌ಗೆ ಸೇರಿಸಿದ ಅಪರಾಧಕ್ಕೆ ಬಂಧನವಾಯಿತು. ತಲೆ ಉಳಿಸಿಕೊಳ್ಳಲು, ಅದು ವರ್ಮೀರ್ ಅಲ್ಲ ಸ್ವಾಮಿ, ನಾನೇ ಮಾಡಿದ್ದು ಅಂದ. ಯಾರೂ ನಂಬಲಿಲ್ಲ. ಕಾವಲುಗಾರರ ಎದುರೇ ಕೂತು ಇನ್ನೊಂದನ್ನು ಬರೆದು ತೋರಿಸಬೇಕಾಯಿತು!

ಈ ಪರದೆಯ ಮೇಲೆ ಇರುವುದು 1937ರ ಆ ಚಿತ್ರ. ನೀವೇ ನೋಡಿ. ಆ ಭಾರವಾದ ರೆಪ್ಪೆಗಳು, ಗುಳಿಬಿದ್ದ ಕೆನ್ನೆಗಳು. ಇದು ಮೂವತ್ತರ ದಶಕದ ಮುಖ. ಅವತ್ತಿನ ಪಂಡಿತರಿಗೆ ಅದು ಕಾಣಲಿಲ್ಲ, ಯಾಕೆಂದರೆ ಅವರೂ ಆ ಮೂವತ್ತರ ದಶಕದೊಳಗೇ ಕೂತಿದ್ದರು. ಇವತ್ತು ಕಲಾಶಾಲೆಯ ಮೊದಲ ವರ್ಷದ ಹುಡುಗಿಗೂ ಇದು ವರ್ಮೀರ್ ಅಲ್ಲ ಅನ್ನಿಸುತ್ತದೆ. ಅಡಗಿಸಿಡಲು ಜೀವ ತೇದವನಿಗೇ ಅಡಗಿಸಲು ಆಗಲಿಲ್ಲ. ಆದ್ದರಿಂದ ಎರಡನೇ ವರ್ಷಕ್ಕೇ ‘ನನಗಿನ್ನೂ ನನ್ನದೇ ಶೈಲಿ ಬಂದಿಲ್ಲ ಸಾರ್’ ಅಂತ ಮುಖ ಸಣ್ಣ ಮಾಡಿಕೊಂಡು ಬರುವವರಿಗೆ ನಾನು ಈ ಕಳ್ಳನ ಚಿತ್ರ ತೋರಿಸುತ್ತೇನೆ. ಈಗ ಅವಸರ ಇನ್ನೂ ಹೆಚ್ಚು. ಫೋನಿನ ಪರದೆಯಲ್ಲಿ ಬೆರಳುಗುರಿನಷ್ಟು ಕಾಣುವ ಚಿತ್ರ ಇಂಥವರದ್ದು ಅಂತ ತಕ್ಷಣ ಗೊತ್ತಾಗಬೇಕಂತೆ. ಅದಕ್ಕೆ ಸುಲಭದ ದಾರಿ ಒಂದು ಗುರುತು ಇಟ್ಟುಕೊಳ್ಳುವುದು: ಎಲ್ಲ ಮುಖಕ್ಕೂ ಕಣ್ಣು ಮುಚ್ಚಿಸುವುದು, ಎಲ್ಲ ಆಕಾಶಕ್ಕೂ ಹಳದಿ ಬಳಿಯುವುದು. ಅಂಗಡಿಗೆ ಬೋರ್ಡು ಬೇಕು, ಒಪ್ಪುತ್ತೇನೆ. ಬೋರ್ಡು ಬರೆಸಿದಮೇಲೆ ಒಳಗೆ ಏನಿಡುವುದು ಅಂತ ಯೋಚಿಸುವವರನ್ನು ಕಂಡರೆ ಮಾತ್ರ ಕನಿಕರ ಬರುತ್ತದೆ. ನಾನೂ ಆ ಬೋರ್ಡು ಬರೆಸಿದವನೇ, ಅದಕ್ಕೇ.

ನನ್ನ ಗುರುಗಳ ಕೈ ಎಷ್ಟು ಬಲವಾಗಿತ್ತೆಂದರೆ, ಅವರ ಹತ್ತಿರ ಕಲಿತು ಹೊರಬಂದು ಹನ್ನೆರಡು ವರ್ಷ ನಾನು ಬರೆದದ್ದು ಅವರ ಚಿತ್ರಗಳನ್ನೇ. ಅವರದ್ದು ಕಾವಿ ಬಣ್ಣದ ನೆಲ, ಅದರ ಮೇಲೆ ಅಲ್ಲಲ್ಲಿ ತುಂಡಾಗುವ ಕಪ್ಪು ರೇಖೆ. ನನ್ನದೂ ಅದೇ. ‘ಥೇಟ್ ಅವರ ಹಾಗೇ’ ಅನ್ನುತ್ತಿದ್ದರು ನೋಡಿದವರು. ಇಪ್ಪತ್ತೈದು ವಯಸ್ಸಿನಲ್ಲಿ ಆ ಮಾತು ಹೊಗಳಿಕೆ. ಮೂವತ್ತೈದಕ್ಕೆ ಅದೇ ಮಾತು, ಒಂದಕ್ಷರ ಬದಲಾಗದೆ, ಬೈಗುಳ. ಒಂದು ದಿನ ಸಿಟ್ಟು ಬಂದು ಎಲ್ಲವನ್ನೂ ತಿರುಗಾಮುರುಗಾ ಮಾಡಿದೆ. ಅವರದ್ದು ದಪ್ಪ ಬಣ್ಣವಾದರೆ ನನ್ನದು ತೆಳು. ಅವರದ್ದು ಕಾವಿಯಾದರೆ ನನ್ನದು ನೀಲಿ. ಅವರು ರೇಖೆಯನ್ನು ನಂಬಿದರೆ ನನ್ನಲ್ಲಿ ರೇಖೆಯೇ ಇಲ್ಲ. ಐದು ವರ್ಷ ಹೀಗೆ ನಡೆಯಿತು, ಸ್ವತಂತ್ರನಾದೆ ಅಂದುಕೊಂಡೆ. ಗೆಳೆಯನೊಬ್ಬ ಬಂದು ನೋಡಿ ಹೇಳಿದ: “ಇದೂ ಮೇಷ್ಟ್ರದೇ ಅಂಗಿ. ಒಳಗು ಹೊರಗು ಮಾಡಿ ಹಾಕಿಕೊಂಡಿದ್ದೀಯ.”

ಆಮೇಲೆ ಕೆಂಪಿನ ಕಾಲ. ಒಂದು ಗ್ಯಾಲರಿಯಲ್ಲಿ ನನ್ನ ಮೂರು ಕೆಂಪು ಚಿತ್ರಗಳು ಒಂದೇ ವಾರದಲ್ಲಿ ಹೋದವು. ಹನ್ನೆರಡು ಮಾಡಿಕೊಡಿ ಅಂದರು. ಒಂಬತ್ತು ಮಾಡಿದೆ. ಹತ್ತನೆಯದು ಆಗಲಿಲ್ಲ. ಇದನ್ನು ಕಲೆಗಾಗಿ ಮಾಡಿದ ತ್ಯಾಗ ಅಂತ ಹೇಳಿಕೊಳ್ಳಬಹುದು, ಕೆಲವು ಸಂದರ್ಶನಗಳಲ್ಲಿ ಹೇಳಿಕೊಂಡೂ ಇದ್ದೇನೆ. ನಿಜ ಏನೆಂದರೆ ಬೇಸರ ಬಂತು. ಬ್ರಷ್ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಮೊದಲೇ ಗೊತ್ತಿರುತ್ತಿತ್ತು. ಅವತ್ತಿನಿಂದ ನಾನು ಆ ಬೇಸರವನ್ನು ನಂಬತೊಡಗಿದೆ. ಯಾವುದರಲ್ಲಿ ಕೈ ಪಳಗಿ ಬೇಸರ ಬಂತೋ ಅದನ್ನು ಬಿಡುವುದು. ಕೆಂಪು ಬಿಟ್ಟೆ. ಮುಖಗಳನ್ನು ಬಿಟ್ಟೆ, ಅದು ನೋವಾಯಿತು, ಯಾಕೆಂದರೆ ಹೋಲಿಕೆ ಹಿಡಿಯುವುದರಲ್ಲಿ ನನ್ನ ಕೈ ಚುರುಕಾಗಿತ್ತು, ಅದರಿಂದ ನಾಲ್ಕು ಕಾಸೂ ಬರುತ್ತಿತ್ತು.

ಬಿಡುವುದರಲ್ಲಿ ನೆದರ್ಲೆಂಡ್ಸಿನ ಚಿತ್ರಕಾರ ಪೀಟ್ ಮೊಂಡ್ರಿಯಾನ್‌ನಂಥ ಹಟಮಾರಿ ಇನ್ನೊಬ್ಬ ಇಲ್ಲ. ನಿಮಗೆಲ್ಲ ಗೊತ್ತಿರುವ ಚಿತ್ರಗಳು: ಬಿಳಿ ನೆಲ, ಕಪ್ಪು ಗೆರೆಗಳು, ಕೆಂಪು, ಹಳದಿ, ನೀಲಿ ಚೌಕಗಳು. ಸೀರೆಯ ಮೇಲೂ ಬಂದಿವೆ, ಬ್ಯಾಗಿನ ಮೇಲೂ ಬಂದಿವೆ. ನೋಡಿದವರು ಇದನ್ನು ನಾನೂ ಸ್ಕೇಲು ಇಟ್ಟು ಮಾಡಬಹುದು ಅನ್ನುತ್ತಾರೆ. ಮಾಡಬಹುದು. ಅವನು ಅಲ್ಲಿಗೆ ಬಂದು ಮುಟ್ಟಿದಾಗ ಅವನಿಗೆ ಐವತ್ತು ಹತ್ತಿರ ಬಂದಿತ್ತು ಅನ್ನುವುದು ಮಾತ್ರ ನೆನಪಿರಲಿ.

ಹುಟ್ಟಿದ್ದು 1872ರಲ್ಲಿ. ಅಪ್ಪ ಶಾಲೆಯ ಹೆಡ್‌ಮಾಸ್ಟರ್, ಚಿತ್ರ ಬರೆಯುವುದನ್ನು ಕಲಿಸಿದವರೂ ಅವರೇ. ಚಿಕ್ಕಪ್ಪ ನಿಸರ್ಗಚಿತ್ರಕಾರ. ಮೊದಲ ಇಪ್ಪತ್ತು ವರ್ಷ ಇವನು ಬರೆದದ್ದೂ ಅದೇ: ಗಾಳಿಗಿರಣಿಗಳು, ಹೊಳೆಯ ದಂಡೆಯ ಮರಗಳು, ನೀರಿನಲ್ಲಿ ಆ ಮರಗಳ ನೆರಳು. ಒಳ್ಳೆಯ ಚಿತ್ರಗಳೇ. ಅವನು ಅಲ್ಲಿಗೇ ನಿಂತಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ, ಯಾರೂ ನೆನಪಿಟ್ಟುಕೊಳ್ಳುತ್ತಲೂ ಇರಲಿಲ್ಲ. 1908ರ ಹೊತ್ತಿಗೆ ಒಂದು ಮರವನ್ನು ಕೆಂಪಗೆ ಬರೆದ, ನೀಲಿ ಸಂಜೆಯ ಎದುರು ಉರಿಯುವ ಹಾಗೆ. ಕಂದು, ಹಸಿರು ಅನ್ನುವ ಮರದ ಸಹಜ ಬಣ್ಣ ಅಲ್ಲಿ ಹೋಯಿತು. 1911ರಲ್ಲಿ ಆಮ್‌ಸ್ಟರ್‌ಡಾಮಿನ ಪ್ರದರ್ಶನದಲ್ಲಿ, ವಸ್ತುಗಳನ್ನು ಕೋನಕೋನದ ತುಂಡುಗಳಾಗಿ ಒಡೆದು ತೋರಿಸುವ ಕ್ಯೂಬಿಸ್ಟ್ ಚಿತ್ರಗಳನ್ನು ನೋಡಿದ. ಮೂವತ್ತೊಂಬತ್ತು ವರ್ಷ, ನೆಲೆಯೂರಿದ ಚಿತ್ರಕಾರ. ಎಲ್ಲ ಬಿಟ್ಟು ಪ್ಯಾರಿಸ್ಸಿಗೆ ಹೊರಟ. ತನ್ನ ಹೆಸರಿನಲ್ಲಿ ಎರಡು ‘ಎ’ ಇತ್ತು, ಅದರಲ್ಲೂ ಒಂದನ್ನು ಕಿತ್ತುಹಾಕಿದ! (ಹೆಸರಿನ ಮಾತು ಬಂತು, ಹೇಳಿಬಿಡುತ್ತೇನೆ: ಜಪಾನಿನ ಚಿತ್ರಕಾರ ಹೊಕುಸಾಯಿ ತನ್ನ ಜೀವಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಹೆಸರು ಬದಲಿಸಿದ. ಹಳೆಯ ಹೆಸರುಗಳನ್ನು ಶಿಷ್ಯರಿಗೆ ಬಿಟ್ಟುಕೊಡುತ್ತಿದ್ದ. ಬ್ರ್ಯಾಂಡು ಕಟ್ಟಿಕೊಳ್ಳಿ ಅಂತ ಉಪದೇಶ ಮಾಡುವವರು ಇದನ್ನು ಕೇಳಿದರೆ ಮೂರ್ಛೆ ಹೋಗುತ್ತಾರೆ.)

ಈ ಮೂರು ಸ್ಲೈಡುಗಳನ್ನು ನಿಧಾನವಾಗಿ ನೋಡಿ. 1908ರ ಹೊತ್ತಿನ ಕೆಂಪು ಮರ. 1911ರ ಬೂದು ಮರ. 1912ರ ಹೂಬಿಟ್ಟ ಸೇಬಿನ ಮರ. ಮೊದಲನೆಯದರಲ್ಲಿ ಬಣ್ಣ ಇದೆ, ಎರಡನೆಯದರಲ್ಲಿ ಬಣ್ಣ ಹೋಗಿ ಕೊಂಬೆಗಳ ಕಮಾನು ಉಳಿದಿದೆ, ಮೂರನೆಯದರಲ್ಲಿ ಮರವೇ ಹೋಗಿ ಕಮಾನು ಮಾತ್ರ ಉಳಿದಿದೆ. ಮೂರನೆಯದನ್ನು ಒಂಟಿಯಾಗಿ ತೋರಿಸಿದ್ದರೆ ನೀವು ಮರ ಅನ್ನುತ್ತಿರಲಿಲ್ಲ, ಮೀನಿನ ಹುರುಪೆ ಅನ್ನುತ್ತಿದ್ದಿರಿ. 1914ರಲ್ಲಿ ಅಪ್ಪನಿಗೆ ಕಾಯಿಲೆ ಅಂತ ಊರಿಗೆ ಬಂದ. ಯುದ್ಧ ಶುರುವಾಗಿ ಐದು ವರ್ಷ ಅಲ್ಲೇ ಸಿಕ್ಕಿಕೊಂಡ. ಡೊಂಬುರ್ಗ್‌ನ ಕಡಲತೀರದಲ್ಲಿ ನಿಂತು ಸಮುದ್ರವನ್ನೂ ಕಟ್ಟೆಯನ್ನೂ ನೋಡಿ ನೋಡಿ ಕೂಡುವ, ಕಳೆಯುವ ಚಿಹ್ನೆಗಳಂಥ ಸಣ್ಣ ಗೀಟುಗಳಿಗೆ ಇಳಿಸಿದ. ಕಮಾನು ಹೋಯಿತು. ಆಮೇಲೆ ಪ್ಯಾರಿಸ್ಸಿಗೆ ವಾಪಸು ಹೋಗಿ, 1920–21ರ ಹೊತ್ತಿಗೆ ನೀವು ಬ್ಯಾಗಿನ ಮೇಲೆ ನೋಡುವ ಆ ಚೌಕಗಳು ಬಂದವು. ಹಸಿರು ಪೂರ್ತಿ ಹೋಯಿತು. ಅವನ ಸ್ಟುಡಿಯೋದಲ್ಲಿ ಒಂದು ಕೃತಕ ಹೂವಿತ್ತಂತೆ, ಅದರ ಎಲೆಗೂ ಬಿಳಿ ಬಣ್ಣ ಬಳಿದಿದ್ದನಂತೆ. ಅದೇ ಹೊತ್ತಿಗೆ, ಬಾಡಿಗೆ ಕಟ್ಟಲು, ಕೊಳ್ಳುವವರಿಗಾಗಿ ಹೂವಿನ ಚಿತ್ರಗಳನ್ನೂ ಬರೆಯುತ್ತಿದ್ದ! ಇದನ್ನು ಓದಿದ ದಿನ ನನಗೆ ಅವನ ಮೇಲಿನ ಪ್ರೀತಿ ಎರಡುಪಟ್ಟಾಯಿತು.

ಓರೆಗೆರೆಯ ಜಗಳ ಗೊತ್ತಿರಬಹುದು. ಜೊತೆಗಾರ ವಾನ್ ಡೂಸ್‌ಬುರ್ಗ್ ಇಪ್ಪತ್ತರ ದಶಕದ ನಡುವೆ ಚಿತ್ರದಲ್ಲಿ ಓರೆಗೆರೆ ತಂದ. ಮೊಂಡ್ರಿಯಾನ್ ಅವರ ಗುಂಪಿನಿಂದಲೇ ಹೊರಬಂದ. ಹೊರಗಿನವರಿಗೆ ಇದು ನಗೆಪಾಟಲು, ಒಂದು ಗೆರೆ ಓರೆಯಾದರೆ ಗಂಟೇನು ಹೋಗುತ್ತದೆ? ಆದರೆ ಅವನು ಎಲ್ಲವನ್ನೂ ಬಿಡುತ್ತಾ ಬಿಡುತ್ತಾ ಬಂದು ಕೊನೆಗೆ ಉಳಿಸಿಕೊಂಡದ್ದು ಅದೊಂದನ್ನೇ: ನೆಟ್ಟಗೆ ನಿಂತದ್ದು ಒಂದು, ಅಡ್ಡ ಮಲಗಿದ್ದು ಒಂದು, ಅವೆರಡರ ಎಳೆದಾಟ. ಕ್ಯಾನ್‌ವಾಸನ್ನೇ ತಿರುಗಿಸಿ ವಜ್ರದಾಕಾರದಲ್ಲಿ ತೂಗುಹಾಕಿದ ಚಿತ್ರಗಳಿವೆ, ಅವುಗಳ ಒಳಗೂ ಗೆರೆಗಳು ನೆಟ್ಟಗೆ, ಅಡ್ಡ. ಈಗ ಮತ್ತೆ ಹಿಂದಕ್ಕೆ, ಆ ಹೊಳೆದಂಡೆಯ ಚಿತ್ರಗಳಿಗೆ ಹೋಗಿ. ನೆಟ್ಟಗೆ ನಿಂತ ಮರಗಳ ಸಾಲು. ಅಡ್ಡ ಮಲಗಿದ ನೀರು. ಸಿಕ್ಕಿತಲ್ಲ?

ಅಲ್ಲಿಗೂ ಮುಗಿಯಲಿಲ್ಲ. 1940ರಲ್ಲಿ, ಮತ್ತೊಂದು ಯುದ್ಧಕ್ಕೆ ಹೆದರಿ ನ್ಯೂಯಾರ್ಕಿಗೆ ಬಂದಾಗ ಅರವತ್ತೆಂಟು. ಅಲ್ಲಿ ಬೂಗೀವೂಗೀ ಸಂಗೀತ ಕೇಳಿದ, ಕುಣಿದ. ಜಗತ್ತು ಅವನನ್ನು ಗುರುತಿಸುತ್ತಿದ್ದುದು ಯಾವುದರಿಂದ? ಕಪ್ಪು ಗೆರೆಯಿಂದ. ಎಪ್ಪತ್ತರ ವಯಸ್ಸಿನಲ್ಲಿ ಆ ಕಪ್ಪು ಗೆರೆಯನ್ನೂ ಬಿಟ್ಟ. ಗೆರೆಗಳೇ ಬಣ್ಣದ ಪುಟ್ಟ ಪುಟ್ಟ ಚೌಕಗಳಾಗಿ ಮಿಣುಕತೊಡಗಿದವು. ಕೊನೆಯ ಚಿತ್ರದ ಮೇಲೆ ಬಣ್ಣದ ಟೇಪಿನ ತುಂಡುಗಳನ್ನು ಅಂಟಿಸುತ್ತಾ, ಕಿತ್ತು ಮತ್ತೆ ಅಂಟಿಸುತ್ತಾ ಇದ್ದವನು 1944ರ ಫೆಬ್ರವರಿಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಟೇಪಿನ ತುಂಡುಗಳು ಚಿತ್ರದ ಮೇಲೆ ಹಾಗೇ ಇವೆ.

ಬಿಡಬಹುದಾದ್ದನ್ನೆಲ್ಲ ಬಿಟ್ಟು ನೋಡಿದ ಹೊರತು ಬಿಡಲಾಗದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ನಾನು ಇವತ್ತು ಹೇಳಬೇಕು ಅಂದುಕೊಂಡು ಬಂದದ್ದು ಇಷ್ಟೇ. ಇದಕ್ಕೆ ಬೆಲೆ ತೆರಬೇಕಾಗುತ್ತದೆ ಅನ್ನುವುದನ್ನೂ ಹೇಳದಿದ್ದರೆ ಮೋಸ ಮಾಡಿದ ಹಾಗಾಗುತ್ತದೆ. ಅದಕ್ಕೆ ಅಮೆರಿಕದ ಫಿಲಿಪ್ ಗಸ್ಟನ್. ಐವತ್ತರ ದಶಕದಲ್ಲಿ ಅಮೂರ್ತ ಚಿತ್ರಕಾರನಾಗಿ ದೊಡ್ಡ ಹೆಸರು. ಗುಲಾಬಿ, ಬೂದು ಬಣ್ಣಗಳ ಮಿಡಿತ, ಕಾವ್ಯದಂಥ ಚಿತ್ರಗಳು. 1970ರ ಅಕ್ಟೋಬರಿನಲ್ಲಿ, ಐವತ್ತೇಳನೇ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಹೊಸ ಪ್ರದರ್ಶನ ಮಾಡಿದ. ಬಂದವರು ನೋಡುತ್ತಾರೆ: ಒರಟು ಕಾರ್ಟೂನುಗಳು! ಕಪ್ಪುಜನರನ್ನು ಹಿಂಸಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಅನ್ನುವ ಗುಂಪಿನ ಮುಸುಕು ಹಾಕಿಕೊಂಡ ಗುಮ್ಮಗಳು ಕಾರಿನಲ್ಲಿ ಹೋಗುತ್ತಿವೆ, ಸಿಗರೇಟು ಸೇದುತ್ತಿವೆ. ಬೂಟುಗಳು, ಬೋಳು ಬಲ್ಬುಗಳು. ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಹಿಲ್ಟನ್ ಕ್ರೇಮರ್ ಗೇಲಿ ಮಾಡಿ ಬರೆದರು. ಅದನ್ನಾದರೂ ನುಂಗಬಹುದು. ಸಂಗೀತ ಸಂಯೋಜಕ ಮಾರ್ಟನ್ ಫೆಲ್ಡ್‌ಮನ್, ಪ್ರಾಣಸ್ನೇಹಿತ, ಚಿತ್ರಗಳನ್ನು ನೋಡಿ ದೂರವಾದರು. ಗೆಳೆತನ ಮತ್ತೆ ಕೂಡಲಿಲ್ಲ. ಗಸ್ಟನ್ 1980ರಲ್ಲಿ ತೀರಿಕೊಂಡ. ನಾಲ್ಕು ವರ್ಷದ ನಂತರ ಫೆಲ್ಡ್‌ಮನ್ ಆ ಗೆಳೆಯನ ಹೆಸರಿನಲ್ಲಿ ಒಂದು ಸಂಗೀತ ಕೃತಿ ರಚಿಸಿದರು. ನಾಲ್ಕು ಗಂಟೆಗೂ ಮೀರಿದ ಕೃತಿ. ಆಡದೇ ಉಳಿದ ಮಾತಿಗೆ ಅಷ್ಟು ಹೊತ್ತು ಬೇಕಾಯಿತೇನೋ.

ಗಸ್ಟನ್ ಹುಡುಗನಾಗಿದ್ದಾಗ ಅಂಚೆ ಮೂಲಕ ಕಾರ್ಟೂನು ಕಲಿಸುವ ಕೋರ್ಸಿಗೆ ಸೇರಿದ್ದ. ಮೂವತ್ತರ ದಶಕದ ಎಳೆಯ ಕೆಲಸಗಳಲ್ಲಿ ಆ ಮುಸುಕಿನವರೂ ಇದ್ದರು. ಜನಕ್ಕೆ ಅಡ್ಡದಾರಿ ಅಂತ ಕಂಡದ್ದು ಅವನಿಗೆ ಹಳೆಯ ಮನೆಯ ದಾರಿ.

ನಮ್ಮ ಚಿತ್ರಕಾರ ಎಸ್.ಎಚ್. ರಝಾ ಅವರ ಬಿಂದುವಿನ ಕಥೆಯೂ ಸರಿಸುಮಾರು ಇದೇ. ಪಾಠದಲ್ಲಿ ಮನಸ್ಸು ನಿಲ್ಲದ ಹುಡುಗನಿಗೆ ಮೇಷ್ಟ್ರು ಶಾಲೆಯ ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು ಇದನ್ನೇ ನೋಡುತ್ತಿರು ಅಂದರಂತೆ. 1950ರಲ್ಲಿ ಫ್ರಾನ್ಸಿಗೆ ಹೋದರು, ಫ್ರೆಂಚ್ ಚಿತ್ರಕಾರ ಸೆಜಾನ್‌ನನ್ನು ಅರೆದು ಕುಡಿದರು, 1956ರಲ್ಲಿ ಅಲ್ಲಿನ ವಿಮರ್ಶಕರ ಪ್ರಶಸ್ತಿ ಬಂತು. ಗೋಡೆಯ ಆ ಚುಕ್ಕೆ ಕ್ಯಾನ್‌ವಾಸಿನ ನಡುವೆ ಬಂದು ಕೂರಲು 1980ರ ಹೊತ್ತಾಯಿತು. ಆಗ ಅವರಿಗೆ ಐವತ್ತೆಂಟರ ಆಸುಪಾಸು. ಆ ಮೊದಲ ಬಿಂದುಗಳ ಎದುರು ನಿಂತರೆ ಮೈ ಜುಮ್ಮೆನ್ನುತ್ತದೆ. ಕೊನೆಯ ವರ್ಷಗಳ ಬಿಂದುಗಳೆಲ್ಲ ನನಗೆ ಅದೇ ತೂಕದವು ಅನ್ನಿಸುವುದಿಲ್ಲ. ಈ ಸಭೆಯಲ್ಲಿ ಅವರ ಭಕ್ತರಿದ್ದರೆ ಕ್ಷಮಿಸಿ. ಸಿಕ್ಕಿದಮೇಲೆ ಅದು ಮೊಹರು ಆಗಿಬಿಡುವ ಅಪಾಯ ಎಲ್ಲರಿಗೂ ಇದೆ.

ಒಂದನ್ನೇ ಜೀವಮಾನವಿಡೀ ಬರೆದೂ ಮೊಹರು ಆಗದವರು ಇಲ್ಲವೇ ಅಂದರೆ, ಇಟಲಿಯ ಬೊಲೋನ್ಯದ ಚಿತ್ರಕಾರ ಮೊರಾಂಡಿ ಇದ್ದಾರೆ. ಅವೇ ಬಾಟಲಿ, ಅವೇ ಹೂಜಿ, ಅವೇ ಡಬ್ಬ. ಹೊಳಪು ಕಾಣದಿರಲಿ ಅಂತ ಬಾಟಲಿಗಳಿಗೆ ಬಣ್ಣ ಬಳಿದು, ಅವುಗಳ ಮೇಲೆ ಧೂಳು ಕೂರಲು ಬಿಡುತ್ತಿದ್ದರು. ಮೇಜಿನ ಮೇಲೆ ಹಾಸಿದ ಕಾಗದದಲ್ಲಿ ಪ್ರತಿ ಬಾಟಲಿಯ ಬುಡದ ಸುತ್ತ ಪೆನ್ಸಿಲ್ಲಿನ ಗುರುತು. ಒಂದು ಬೆರಳಿನಷ್ಟು ಸರಿಸಿದರೆ ಅವರಿಗೆ ಅದು ಬೇರೆ ಚಿತ್ರ. ನನಗೆ ಅಷ್ಟು ತಾಳ್ಮೆ ಇಲ್ಲ.

ಇಲ್ಲಿ ಹೆಬ್ಬಾರರನ್ನು ನೆನೆಯದೆ ಹೋದರೆ ತಪ್ಪಾಗುತ್ತದೆ. ಕೆ.ಕೆ. ಹೆಬ್ಬಾರ್ ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, 1949–50ರಲ್ಲಿ ಪ್ಯಾರಿಸ್ಸಿಗೂ ಹೋಗಿಬಂದವರು. ನೆರಳು ಬೆಳಕಿನ ಪಾಶ್ಚಾತ್ಯ ಕಸುಬು ಕೈಗೆ ಚೆನ್ನಾಗಿಯೇ ಕೂತಿತ್ತು. ಅದು ಸಾಲದು ಅನ್ನಿಸಿದಾಗ ಜೈನ ಹಸ್ತಪ್ರತಿಗಳ ಚಿತ್ರಗಳನ್ನು ನೋಡಿದರು, ಅಜಂತಾ ನೋಡಿದರು. ನನಗೆ ಇಷ್ಟವಾದದ್ದು ಅದಕ್ಕಿಂತ ಹೆಚ್ಚಾಗಿ ಇನ್ನೊಂದು: ಲಯ ಅಂದರೇನು ಅಂತ ತಿಳಿಯಲು ಅವರು ಗೆಜ್ಜೆ ಕಟ್ಟಿಕೊಂಡು ಕಥಕ್ ಕಲಿತರು. ರೇಖೆಗೆ ಬೇಕಾದ್ದನ್ನು ಕಾಲಿನಿಂದ ಕಲಿಯುವುದು! ಅವರ ನರ್ತಕಿಯರ ರೇಖಾಚಿತ್ರ ನೋಡಿದಾಗ ಪೆನ್ನು ಕಾಗದ ಬಿಟ್ಟು ಎದ್ದದ್ದೇ ಗೊತ್ತಾಗುವುದಿಲ್ಲ. ಆ ರೇಖೆ ಮಣಿಕಟ್ಟಿನಿಂದ ಬಂದದ್ದಲ್ಲ.

ಇನ್ನು ನನ್ನ ಮೂಲೆಯ ಕಥೆ ಮುಗಿಸುತ್ತೇನೆ. ಕಟ್ಟಿನವರು ಆ ಮಾತು ಹೇಳಿದಮೇಲೆ ಎರಡು ವರ್ಷ ನನ್ನ ಕೆಲಸ ಕೆಟ್ಟಿತು. ಹುಳುವಿಗೆ ಯಾರೋ ನಿನ್ನ ನೂರು ಕಾಲಲ್ಲಿ ಮೊದಲು ಯಾವುದನ್ನು ಎತ್ತುತ್ತೀಯ ಅಂತ ಕೇಳಿದ ಹಾಗಾಯಿತು. ಮೊದಲು ಹಟ ಹಿಡಿದು ಆ ಮೂಲೆಯನ್ನು ತುಂಬಿದೆ. ಕಲ್ಲು, ಪೊದೆ, ಕುರ್ಚಿಯ ಕಾಲು, ಏನು ಸಿಕ್ಕಿತೋ ಅದು. ಚಿತ್ರ ಉಸಿರುಕಟ್ಟಿದ ಹಾಗೆ ಕಾಣುತ್ತಿತ್ತು. ಆಮೇಲೆ, ಅದು ನನ್ನ ಶೈಲಿಯಲ್ಲವೇ, ಇರಲಿ ಅಂತ ಬೇಕೆಂದೇ ಖಾಲಿ ಬಿಟ್ಟೆ. ಅದು ಇನ್ನೂ ಕೆಟ್ಟದ್ದು. ಖಾಲಿ ಬಿಟ್ಟ ಜಾಗ ನನ್ನನ್ನು ನೋಡಿ ಅಂತ ಕೂಗುತ್ತಿತ್ತು. ಅದೂ ಒಂದು ಬೋರ್ಡು ಆಯಿತು. ಆಮೇಲೆ ಯಾವಾಗಲೋ ಮರೆತೆ. ಯಾವ ಚಿತ್ರದಲ್ಲಿ ಮರೆತೆ ಅಂತ ಗೊತ್ತಿಲ್ಲ. ಒಂದು ದೊಡ್ಡ ಕ್ಯಾನ್‌ವಾಸಿನ ಬಲಗಡೆಯ ಮೇಲ್ಭಾಗ ತಿಂಗಳುಗಟ್ಟಲೆ ಸರಿಬಾರದೆ ಒದ್ದಾಡಿಸಿತು, ಆ ಒದ್ದಾಟದಲ್ಲಿ ಎಡಮೂಲೆಯ ಕಡೆ ಯಾರು ನೋಡುತ್ತಾರೆ? ಮುಗಿಸಿ ದೂರ ನಿಂತಾಗ ಅದು ಅಲ್ಲೇ ಇತ್ತು, ಆದರೆ ಪೂರ್ತಿ ಖಾಲಿಯಲ್ಲ. ಉಳಿದ ಚಿತ್ರವೆಲ್ಲ ಆ ಮೂಲೆಯ ಕಡೆಯಿಂದ ಹೊರಟು ಬಂದ ಹಾಗಿತ್ತು. ನಾನು ಇವತ್ತು ಗೋಡೆಗೆ ಹಾಕಿ ತೋರಿಸಲು ನಾಚದ ಚಿತ್ರಗಳು ಏಳೆಂಟಿವೆ. ಅವೆಲ್ಲ ಅದರ ನಂತರದವು.

ಕಟ್ಟು ಹಾಕುತ್ತಿದ್ದ ಆ ಹಿರಿಯರು ಈಗಿಲ್ಲ. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ. ಹೋದ ತಿಂಗಳು ಒಂದು ಚಿತ್ರ ಕೊಂಡುಹೋದೆ, ಬರೀ ಬಣ್ಣದ್ದು. ಹುಡುಗ ಅಳತೆ ತೆಗೆದುಕೊಂಡ, ತಿರುಗಿಸಿದ, ಮತ್ತೆ ತಿರುಗಿಸಿದ, ಕೊನೆಗೆ ಸಂಕೋಚದಿಂದ ಕೇಳಿದ: “ಕೊಂಡಿ ಯಾವ ಕಡೆ ಹಾಕಲಿ ಸಾರ್? ಮೇಲೆ ಯಾವುದು, ಕೆಳಗೆ ಯಾವುದು?”

ನಾನು ಚಿತ್ರವನ್ನು ಮೇಜಿನ ಮೇಲೆ ಸರಿಯಾಗಿ ತಿರುಗಿಸಿ, ಕೆಳಮೂಲೆಯಲ್ಲಿ ಎಡಗೈ ಊರಿ ತೋರಿಸಿದೆ.